ಏನೂ ಇಲ್ಲದ ನೀರು

ನೆಲದ ಮೇಲೆ ನಿಂತುಕೊಂಡೇ ಎರಡನೇ ಮಹಡಿಯ ಕಿಟಕಿ ತೊಳೆಯುವಂಥದ್ದು ಏನಾದರೂ ಇದೆಯೇ ಎಂದು ಏಣಿಯಕ್ಕ ನನ್ನ ಅಂಗಡಿಗೆ ಬಂದು ಕೇಳಿದ ದಿನ ನಾನು ಮೊದಲು ಅವಳ ಮುಖ ನೋಡಲಿಲ್ಲ, ಬೆನ್ನ ಹಿಂದೆ ನೋಡಿದೆ. ಏಣಿ ಇರಲಿಲ್ಲ. ಇಷ್ಟು ವರ್ಷದಲ್ಲಿ ಏಣಿಯಿಲ್ಲದೆ ಅವಳನ್ನು ಕಂಡದ್ದು ಅದೇ ಮೊದಲು. ಬಂದಾಗಲೆಲ್ಲ ಅದನ್ನು ನನ್ನ ಬಾಗಿಲಿಗೆ ಅಡ್ಡಲಾಗಿ ಒರಗಿಸಿ, ಒಳಗೆ ಬರುವ ಗಿರಾಕಿಗಳೆಲ್ಲ ಬಗ್ಗಿ ಬರುವಂತೆ ಮಾಡುತ್ತಿದ್ದಳು. ನಾನು ಗೊಣಗುತ್ತಿದ್ದೆ. "ಬಗ್ಗಿ ಬಂದೋರು ಚೌಕಾಸಿ ಮಾಡಲ್ಲ ಅಣ್ಣ, ನಿಮಗೇ ಒಳ್ಳೇದು" ಎಂದು ಅವಳು ಚೌಕಾಸಿಗೆ ಇಳಿಯುತ್ತಿದ್ದಳು.

ನನ್ನದು ಪೊರಕೆ, ಬಕೆಟ್ಟು, ಸೋಪು, ವೈಪರು, ದೊಡ್ಡ ಕಟ್ಟಡಗಳಿಗೆ ಬೇಕಾಗುವ ನಾಲ್ಕಾರು ಯಂತ್ರ ಮಾರುವ ಅಂಗಡಿ. ಲೋಕದಲ್ಲಿ ಕೊಳೆ ಇರುವವರೆಗೆ ನನ್ನ ಸಂಸಾರಕ್ಕೆ ತೊಂದರೆಯಿಲ್ಲ.

"ಏಣಿ ಎಲ್ಲಿ ಅಕ್ಕ?" ಅಂದೆ.

"ಮನೇಲಿ ಮಲಗಿದೆ. ನನ್ನ ಗಂಡನ ಪಕ್ಕದಲ್ಲೇ. ಇನ್ನು ಇಬ್ಬರಿಗೂ ಹಗಲು ಕೆಲಸ ಇಲ್ಲ."

ಅವಳ ಗಂಡನಿಗೆ ಬೇಕರಿಯ ಒಲೆಯ ಮುಂದೆ ಕೆಲಸ. ಊರೆಲ್ಲ ಏಳುವ ಹೊತ್ತಿಗೆ ಮೈತುಂಬ ಬ್ರೆಡ್ಡಿನ ವಾಸನೆ ಹೊತ್ತು ಮನೆಗೆ ಬಂದು, ಸಂಜೆಯವರೆಗೆ ಮಲಗುತ್ತಾನೆ. ಮನೆಯಲ್ಲಿ ಇರುವುದು ಎರಡು ಕೋಣೆ, ನಡುವೆ ತೆಳುಗೋಡೆ. ಹೀಗಾಗಿ ಆ ಮನೆಯಲ್ಲಿ ಮೂವತ್ತು ವರ್ಷದಿಂದ ಎಲ್ಲವೂ ಪಿಸುಮಾತಿನಲ್ಲಿ ನಡೆಯುತ್ತದೆ. ಹಾಲು ಉಕ್ಕಿದರೆ ಪಿಸುಮಾತಿನಲ್ಲಿ ಕಿರುಚುತ್ತಾರೆ. ಅತ್ತೆ ಸೊಸೆಯ ಜಗಳವೂ ಪಿಸುಮಾತಿನಲ್ಲೇ. ದನಿ ಏರಿಸುವಂತಿಲ್ಲವಾದ್ದರಿಂದ ಹುಬ್ಬು ಏರುತ್ತದೆ, ಸೌಟು ಏರುತ್ತದೆ. ಸಾಮಾನು ಕೊಡಲು ಹೋಗಿ ಒಮ್ಮೆ ಬಾಗಿಲಲ್ಲಿ ನಿಂತು ನೋಡಿದ್ದೇನೆ. ದಪ್ಪ ಗಾಜಿನ ಆಚೆ ಯಾರೋ ಇಬ್ಬರು ಬಡಿದಾಡುತ್ತಿರುವಂತೆ ಕಂಡಿತು. ಕೇಳಿಸುತ್ತಿದ್ದದ್ದು ಗಂಡನ ಗೊರಕೆ ಮಾತ್ರ.

ಕಿಟಕಿ ತೊಳೆಯುವುದನ್ನು ಅವಳಿಗೆ ಕಲಿಸಿದವಳು ಆ ಅತ್ತೆಯೇ. ಈಗ ಎಂಬತ್ತು ದಾಟಿದ ಮುದುಕಿ. ಮೊಣಕಾಲು ಕೈಕೊಟ್ಟ ಮೇಲೆ ಏಣಿಯನ್ನು ಸೊಸೆಗೆ ಬಿಟ್ಟುಕೊಟ್ಟಳು, ಸೋಪನ್ನು ಮಾತ್ರ ಬಿಟ್ಟುಕೊಡಲಿಲ್ಲ. ಪ್ರತಿದಿನ ಬೆಳಿಗ್ಗೆ ಬಾಟಲಿಗೆ ಸೋಪು ಬೆರೆಸುವುದು ಅವಳದೇ ಕೆಲಸ. ಸೋಪನ್ನು ನನ್ನಲ್ಲಿ ಕೊಳ್ಳುತ್ತಾಳೆ. ಅದಕ್ಕೆ ಬೀಳುವ ಇನ್ನೆರಡು ಪದಾರ್ಥ ನನಗೆ ತಿಳಿಯಬಾರದೆಂದು ಪಕ್ಕದ ಬೀದಿಯ ಅಂಗಡಿಯಲ್ಲಿ ಕೊಳ್ಳುತ್ತಾಳೆ. ಆ ಅಂಗಡಿಯವನು ನನ್ನ ಭಾವಮೈದ.

ಏಣಿಯಕ್ಕನ ವಾರದ ಅರ್ಧ ಕೆಲಸ ಕಣ್ಣಾಸ್ಪತ್ರೆಯದು. ಎರಡನೇ ಮಹಡಿಯಲ್ಲಿ ಉದ್ದನೆಯ ವಾರ್ಡು, ಪೂರ್ವಕ್ಕೆ ಆರು ದೊಡ್ಡ ಕಿಟಕಿ. ವಾರಕ್ಕೊಮ್ಮೆ, ಗುರುವಾರ ಬೆಳಿಗ್ಗೆ, ಆಪರೇಷನ್ ಆದವರನ್ನು ಆ ಕಿಟಕಿಗಳಿಗೆ ಎದುರಾಗಿ ಕೂರಿಸಿ ಪಟ್ಟಿ ಬಿಚ್ಚುತ್ತಾರೆ. ಅವರು ಮೊದಲು ನೋಡುವುದು ಆ ಗಾಜು, ಅದರ ಆಚೆಗಿನ ಆಕಾಶ. ಗಾಜಿನ ಮೇಲೆ ಒಂದು ಕಲೆ ಇದ್ದರೆ ಮುಗಿಯಿತು. "ಡಾಕ್ಟ್ರೇ, ಕಣ್ಣಲ್ಲಿ ಚುಕ್ಕೆ ಉಳಿದುಬಿಟ್ಟಿದೆ" ಎಂದು ಅಲ್ಲೇ ಅಳಲು ಶುರು. ಒಬ್ಬರು ಅತ್ತರೆ ಪಟ್ಟಿ ಇನ್ನೂ ಬಿಚ್ಚದವರಿಗೂ ಚುಕ್ಕೆ ಕಾಣತೊಡಗುತ್ತದೆ. ಅದಕ್ಕೇ ಬುಧವಾರ ಒಂದು ಸುತ್ತು, ಗುರುವಾರ ಮುಂಜಾನೆ ಇನ್ನೊಂದು ಸುತ್ತು, ಹದಿನೆಂಟು ವರ್ಷದಿಂದ ಅವಳು ಆ ಆರು ಗಾಜುಗಳನ್ನು ಇಲ್ಲವೆನ್ನಿಸುವಷ್ಟು ಒರೆಸುತ್ತ ಬಂದಿದ್ದಳು.

ಏಣಿಯ ಮೇಲಿನ ಬದುಕನ್ನು ಅವಳು ನನಗೆ ಹೇಳಿದ್ದುಂಟು. ಮೇಲೆ ಹೋದಂತೆ ಬೀದಿಯ ಸದ್ದು ಕೆಳಗೇ ಉಳಿಯುತ್ತದಂತೆ. ಗಾಜಿನ ಆಚೆ ಜನ ಬಾಯಾಡಿಸುತ್ತಾರೆ, ಮಾತು ಬರುವುದಿಲ್ಲ. ಸೋಪು ಹಚ್ಚಿದಾಗ ಕೋಣೆಯೆಲ್ಲ ಮಂಜಿನೊಳಗೆ ಹೋಗುತ್ತದೆ. ವೈಪರು ಎಳೆದಾಗ ಮೊದಲು ದೀಪ ಕಾಣುತ್ತದೆ, ಆಮೇಲೆ ತಲೆಗಳು, ಆಮೇಲೆ ಮಂಚ, ಕಡೆಗೆ ಮಂಚದ ಕೆಳಗಿನ ಚಪ್ಪಲಿ. "ದಿನಾ ಹತ್ತು ಕೋಣೆ ಹುಟ್ಟಿಸ್ತೀನಿ ಅಣ್ಣ. ಒಂದರಲ್ಲೂ ನನಗೆ ಕೂರೋಕೆ ಜಾಗ ಇಲ್ಲ" ಅನ್ನುತ್ತಿದ್ದಳು. ಬೇಸರದಿಂದ ಅಲ್ಲ. ಹಾಗೆ ಹೇಳುವಾಗ ಅವಳ ಕಣ್ಣು ನನ್ನ ಬಕೆಟ್ಟುಗಳ ಸಾಲು ದಾಟಿ ಎಲ್ಲೋ ಇರುತ್ತಿತ್ತು, ಮತ್ತು ಆ ಹೊತ್ತಿನಲ್ಲಿ ನಾನು ಹೇಳಿದ ಬೆಲೆಗೆ ಒಪ್ಪಿಬಿಡುತ್ತಿದ್ದಳು.

ಆ ಏಣಿಗೆ ಕುತ್ತು ತಂದವರು ನಿವೃತ್ತ ಮೇಷ್ಟ್ರೊಬ್ಬರು. ಅವತ್ತು ಬಿಸಿಲು ಬೇಗ ಬಂದು, ಏಣಿಯಕ್ಕನ ಎರಡನೇ ಸುತ್ತು ತಡವಾಗಿತ್ತು. ಡಾಕ್ಟರು ಪಟ್ಟಿ ಬಿಚ್ಚಿದರು. ಮೇಷ್ಟ್ರು ಮೆಲ್ಲಗೆ ಕಣ್ಣು ತೆರೆದರು. ಎದುರಿಗೆ ಆಕಾಶದಲ್ಲಿ, ಹೆಗಲ ಮೇಲೆ ಬಿಳಿ ಬಟ್ಟೆ ಹಾಕಿಕೊಂಡು, ಬೆನ್ನ ಹಿಂದೆ ಬೆಳಕು ಹೊತ್ತುಕೊಂಡು ಒಬ್ಬ ಹೆಂಗಸು ನಿಂತು ಕೈಯಾಡಿಸುತ್ತಿದ್ದಾಳೆ. ಮೇಷ್ಟ್ರು ಎರಡೂ ಕೈ ಜೋಡಿಸಿ, "ನಾನು ಯಾವಾಗ ಹೋದೆ? ಮನೆಯೋರಿಗೆ ತಿಳಿಸಿದ್ದೀರಾ?" ಎಂದು ಕೇಳಿದರು. ವಾರ್ಡೆಲ್ಲ ನಕ್ಕಿತು. ನಗದವರು ಇಬ್ಬರೇ, ಮೇಷ್ಟ್ರು ಮತ್ತು ಆಸ್ಪತ್ರೆಯ ಮ್ಯಾನೇಜರು.

ಮ್ಯಾನೇಜರು ಮೊದಲೇ ಏಣಿಯನ್ನು ಕಂಡರೆ ಎದೆ ಹಿಡಿದುಕೊಳ್ಳುವವರು. "ನೀವು ಬಿದ್ದರೂ ನನ್ನ ತಲೆಗೇ, ಅವರು ಹೆದರಿ ಸತ್ತರೂ ನನ್ನ ತಲೆಗೇ" ಅಂದರು. ಇನ್ನು ಏಣಿ ಕೂಡದು. ಮುಂದಿನ ಗುರುವಾರ ಪಟ್ಟಿ ಬಿಚ್ಚುವ ಹೊತ್ತಿಗೆ ನೆಲಕ್ಕೆ ಕಾಲೂರಿಕೊಂಡೇ ಆ ಆರು ಕಿಟಕಿ ಕಲೆಯಿಲ್ಲದಂತೆ ಮಾಡಿ ತೋರಿಸಿದರೆ ಕೆಲಸ ಅವಳದು, ಇಲ್ಲವಾದರೆ ಯಂತ್ರ ತರುವ ಕಂಪನಿಯವರು ಕಾಯುತ್ತಿದ್ದಾರೆ. ಇಷ್ಟು ಕೇಳಿಕೊಂಡು ಅವಳು ನೇರ ನನ್ನ ಅಂಗಡಿಗೆ ಬಂದಿದ್ದಳು.

"ಇದೆ, ನೀರುಗೋಲು" ಅಂದೆ. ನನ್ನ ಬಳಿ ಇಲ್ಲ ಅನ್ನುವ ಮಾತು ಸುಲಭಕ್ಕೆ ಬರುವುದಿಲ್ಲ.

ನೀರುಗೋಲು ಎಂದರೆ ಒಂದರೊಳಗೊಂದು ಜಾರುವ ಉದ್ದ ಕೋಲು, ತುದಿಗೆ ಬ್ರಷ್ಷು, ಒಳಗೆ ಸಣ್ಣ ಪೈಪು. ಕೆಳಗಿನಿಂದ ನೀರು ಹತ್ತಿ ಬ್ರಷ್ಷಿನ ನಡುವಿನಿಂದ ಚಿಮ್ಮುತ್ತದೆ. ಉಜ್ಜು, ತೊಳೆ, ಹಾಗೇ ಒಣಗಲು ಬಿಡು. ಒರೆಸುವ ಹಾಗಿಲ್ಲ.

"ಒರೆಸದೆ?" ಅಂದಳು. ನಾನು ಏನೋ ಅಶ್ಲೀಲ ಆಡಿದೆ ಎಂಬಂತೆ ನೋಡಿದಳು.

"ಅದನ್ನ ಆಮೇಲೆ ಹೇಳ್ತೀನಿ. ಮೊದಲು ಕೋಲು ಆರಿಸು."

ಮೊದಲ ಸಲ ಕೊಳ್ಳುವವರೆಲ್ಲ ಅತಿ ಉದ್ದದ್ದನ್ನೇ ಕೇಳುತ್ತಾರೆ. ಅವಳೂ ಕೇಳಿದಳು. ಮೂವತ್ತೈದು ಅಡಿಯದೊಂದು ಎರಡು ವರ್ಷದಿಂದ ನನ್ನ ಮೂಲೆಯಲ್ಲಿ ಧೂಳು ತಿನ್ನುತ್ತ ನಿಂತಿತ್ತು. ಆ ಮೂಲೆ ಖಾಲಿಯಾಗಲಿ ಎಂಬ ಆಸೆ ನನಗೆ ಇರಲಿಲ್ಲ ಎಂದರೆ ಸುಳ್ಳಾದೀತು. ಬೀದಿಗೆ ಒಯ್ದು ಪೂರ್ತಿ ಎಳೆದು ಅವಳ ಕೈಗೆ ಕೊಟ್ಟೆ. ಕೋಲು ಗಾಳಿಗೆ ಬಳುಕಿ, ನನ್ನ ಬೋರ್ಡಿಗೆ ಎರಡು ಏಟು ಕೊಟ್ಟು, ಎದುರು ಮನೆಯ ಮಾಳಿಗೆಯಲ್ಲಿ ಒಣಗುತ್ತಿದ್ದ ಲುಂಗಿಯನ್ನು ಎತ್ತಿಕೊಂಡಿತು.

"ಕಿಟಕಿ ತೊಳೆಯೋಕೆ ಕೇಳಿದ್ದು ಅಣ್ಣ, ಮೀನು ಹಿಡಿಯೋಕಲ್ಲ."

"ನಿನ್ನ ಕಿಟಕಿ ಎಷ್ಟು ಎತ್ತರ?"

"ಏಣಿಯ ಕಡೇ ಮೆಟ್ಟಿಲಲ್ಲಿ ನಿಂತರೆ ಗಾಜಿನ ನಡು ಭಾಗ ನನ್ನ ಹಣೆಗೆ."

ಲೆಕ್ಕ ಹಾಕಿದರೆ ಇಪ್ಪತ್ತೆರಡು ಅಡಿ. ಕೋಲನ್ನು ಓರೆಯಾಗಿ ಹಿಡಿಯಬೇಕಾದ್ದರಿಂದ ಇಪ್ಪತ್ತೈದು ಅಡಿಯದು ಸಾಕು. ಅಲ್ಯೂಮಿನಿಯಂ ಅಗ್ಗ. ಆದರೆ ಆಸ್ಪತ್ರೆಯ ಗೋಡೆಯ ಪಕ್ಕದಲ್ಲೇ ಕರೆಂಟಿನ ತಂತಿ ಹೋಗುತ್ತದೆ, ಅದು ಬೇಡ ಅಂದೆ. ಬರೀ ಕಾರ್ಬನ್ನಿನದು ಹಗುರ, ಅದಕ್ಕೂ ಕರೆಂಟು ಹರಿಯುತ್ತದೆ, ಮೇಲೆ ಬೆಲೆ ಕೇಳಿದರೆ ಕೋಲಿಲ್ಲದೆಯೇ ಎರಡನೇ ಮಹಡಿ ಮುಟ್ಟಬಹುದು. ಫೈಬರಿನದು ಸ್ವಲ್ಪ ಭಾರ. ಅದನ್ನು ಹಿಡಿದು ನನ್ನ ಗೋಡೆಗೆ ಒತ್ತಿ ಅವಳು ಮೇಲೆ ಕೆಳಗೆ ನೂರು ಸಲ ಎಳೆದಳು, ಬಾಯಲ್ಲಿ ಎಣಿಸುತ್ತ. ಅರವತ್ತಕ್ಕೆ ಉಸಿರು ಏರಿತು. ನೂರಕ್ಕೆ ಕೋಲು ಇಳಿಸಿ, "ಭುಜ ಒಪ್ಪಿತು. ಸೊಂಟ ನಾಳೆ ಹೇಳುತ್ತೆ" ಅಂದಳು. ಕೋಲು ಕೊಳ್ಳಲು ಇದಕ್ಕಿಂತ ಒಳ್ಳೆಯ ಕ್ರಮವನ್ನು ನಾನು ಈವರೆಗೆ ಕಂಡಿಲ್ಲ. ಅವಳನ್ನು ನೋಡಿದ ಮೇಲೆ ಎಲ್ಲ ಗಿರಾಕಿಗಳಿಗೂ ಗೋಡೆ ತೋರಿಸುತ್ತೇನೆ.

ಬ್ರಷ್ಷಿನಲ್ಲಿ ಮೃದು ಕೂದಲಿನ, ಎರಡು ತೂತಿನದು. ತೂತು ನಾಲ್ಕಾದರೆ ನೀರು ಬೇಗ ಖಾಲಿ. ಚಕ್ರದ ಮೇಲೆ ಕೂರುವ ಸಣ್ಣ ಟ್ಯಾಂಕು, ಅದರಲ್ಲೇ ಬ್ಯಾಟರಿಯ ಪಂಪು. ಇನ್ನು ಉಳಿದದ್ದು ಫಿಲ್ಟರು. ಒಳಗೆ ಜೇನಿನ ಬಣ್ಣದ ಸಣ್ಣ ಮಣಿಗಳು ತುಂಬಿದ ಉದ್ದ ಡಬ್ಬಿ. ನಲ್ಲಿ ನೀರು ಆ ಮಣಿಗಳ ನಡುವೆ ಹಾದು ಬಂದರೆ ಅದರೊಳಗಿನ ಉಪ್ಪು, ಸುಣ್ಣ ಎಲ್ಲ ಅಲ್ಲೇ ಉಳಿಯುತ್ತದೆ. ನೀರಿನ ಉಪ್ಪು ಅಳೆಯುವ ಬೆರಳುದ್ದದ ಮೀಟರನ್ನು ನಲ್ಲಿ ನೀರಿಗೆ ಅದ್ದಿ ತೋರಿಸಿದೆ. ಮುನ್ನೂರ ಹತ್ತು. ಮಣಿ ದಾಟಿದ ನೀರಿಗೆ ಅದ್ದಿದೆ. ಸೊನ್ನೆ.

"ಒಣಗಿದಾಗ ಕಲೆ ಬಿಡೋದು ನೀರಲ್ಲ ಅಕ್ಕ, ನೀರೊಳಗಿರೋದು. ಈ ನೀರಲ್ಲಿ ಏನೂ ಇಲ್ಲ. ಬಿಟ್ಟು ಹೋಗೋಕೆ ಅದರ ಹತ್ರ ಏನೂ ಇರಲ್ಲ. ಅದಕ್ಕೇ ಒರೆಸೋ ಹಾಗಿಲ್ಲ."

ಅವಳು ಲೋಟದ ನೀರನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ನಲ್ಲಿ ನೀರಿನ ಲೋಟವನ್ನೂ ಪಕ್ಕಕ್ಕೆ ಹಿಡಿದಳು. ಎರಡೂ ಒಂದೇ ಥರ. "ನಿಜವಾಗಿಯೂ ಏನೂ ಇಲ್ಲದ್ದು ಹೀಗೇ ಇರಬೇಕು" ಅಂದಳು, ತನಗೆ ತಾನೇ ಎಂಬಂತೆ.

ಮನೆಯಲ್ಲಿ ಅತ್ತೆ ಕಂಡದ್ದು ಬೇರೆ. ಫಿಲ್ಟರನ್ನು ಅಡುಗೆಮನೆಯ ನಲ್ಲಿಗೆ ಜೋಡಿಸಿ, ಸೊಸೆ ಡಬ್ಬಗಳಿಗೆ ನೀರು ಹಿಡಿಯತೊಡಗಿದಾಗ ಮುದುಕಿ ತನ್ನ ಸೋಪಿನ ಬಾಟಲಿ ಹಿಡಿದುಕೊಂಡು ಪಕ್ಕದಲ್ಲೇ ನಿಂತಳಂತೆ.

"ಎಷ್ಟು ಹಾಕಲಿ?" ಎಂದು ಪಿಸುಗುಟ್ಟಿದಳು.

"ಏನೂ ಹಾಕೋ ಹಾಗಿಲ್ಲ ಅತ್ತೆ."

"ಒಂದು ಮುಚ್ಚಳ?"

"ಒಂದು ತೊಟ್ಟೂ ಇಲ್ಲ. ಇದರೊಳಗೆ ಏನೂ ಇರಬಾರದು."

"ಏನೂ ಇಲ್ಲದ್ದನ್ನ ದುಡ್ಡು ಕೊಟ್ಟು ತಂದ್ಯಾ? ಆ ಅಂಗಡಿಯವನು ಒಂದು ದಿನ ಗಾಳಿ ಕಟ್ಟಿಕೊಡ್ತಾನೆ, ಅದನ್ನೂ ಹೊತ್ಕೊಂಡು ಬಾ."

ಬಾಟಲಿಯನ್ನು ಗೂಡಿನಲ್ಲಿಟ್ಟು, ಬೆಳಗಿನ ಕೆಲಸವೇ ಇಲ್ಲದವಳಂತೆ ಕೈಗಳನ್ನು ಮಡಿಲಲ್ಲಿ ಹಾಕಿಕೊಂಡು ಕೂತಳು. ನೀರು ಡಬ್ಬಕ್ಕೆ ಇಳಿಯುವ ಸದ್ದು, ಒಳಕೋಣೆಯ ಗೊರಕೆ. ಇಬ್ಬರೂ ಅದನ್ನೇ ಕೇಳುತ್ತ ಕೂತರು. ಮಣಿಗಳ ಡಬ್ಬಿಯಿಂದ ನೀರು ಎಷ್ಟು ನಿಧಾನ ಬರುತ್ತದೆಂದರೆ, ನೋಡುತ್ತ ಕೂತವರಿಗೆ ತೂಕಡಿಕೆ ಬರದೆ ಇರುವುದಿಲ್ಲ. ಅವತ್ತು ಮಧ್ಯಾಹ್ನ ಆ ಮನೆಯಲ್ಲಿ ಮೂವರೂ ಮಲಗಿದ್ದರಂತೆ. ಡಬ್ಬ ತುಂಬಿ, ಏನೂ ಇಲ್ಲದ ನೀರು ಅಡುಗೆಮನೆಯಿಂದ ಹೊಸ್ತಿಲವರೆಗೆ ಹರಿದು, ಒಣಗಿ ಹೋಗಿತ್ತು. "ನೆಲದ ಮೇಲೆ ಒಂದು ಗುರುತಿಲ್ಲ ಅಣ್ಣ" ಎಂದು ಅವಳು ಮರುದಿನ ಬಂದು ಕಣ್ಣರಳಿಸಿ ಹೇಳಿದಳು. ಸೊಂಟವೂ ಒಪ್ಪಿತ್ತು.

ಬುಧವಾರ ಬೆಳಿಗ್ಗೆ ಆಸ್ಪತ್ರೆಯ ಅಂಗಳದಲ್ಲಿ ಕೋಲು ಎದ್ದಿತು. ಅಲ್ಲಿ ನಾನಿರಲಿಲ್ಲ, ಅವಳು ಹೇಳಿದ್ದನ್ನೇ ಬರೆಯುತ್ತಿದ್ದೇನೆ. ಕೆಳಗೆ ನಿಂತು ಮೇಲೆ ನೋಡುತ್ತಿದ್ದರೆ ಗಾಜಿನಲ್ಲಿ ಕೋಣೆ ಕಾಣುವುದಿಲ್ಲ, ಬರೀ ಮೋಡ ಕಾಣುತ್ತದೆ. ಅವಳು ಮೋಡವನ್ನು ಉಜ್ಜಿದಳು. ನೀರು ಹನಿಹನಿಯಾಗಿ ಅವಳ ಮುಖದ ಮೇಲೇ ಬಿತ್ತು. ಹದಿನೆಂಟು ವರ್ಷ ಬೆರಳ ತುದಿಯಲ್ಲಿದ್ದ ಗಾಜು ಈಗ ಎಲ್ಲೋ ದೂರದಲ್ಲಿ, ಕನಸಿನೊಳಗಿನ ಮನೆಯ ಹಾಗೆ, ಮುಟ್ಟಿದರೂ ಮುಟ್ಟಿದಂತಿಲ್ಲ. ಒಳಗಿನಿಂದ ಯಾರಾದರೂ ನೋಡುತ್ತಿದ್ದಾರೋ ಇಲ್ಲವೋ ಅದೂ ತಿಳಿಯದು. ಮೊದಲ ಕಿಟಕಿ, ಎರಡನೆಯದು, ಮೂರನೆಯದು.

ಆಗ ನೊರೆ ಬಂತು.

ಗಾಜಿನ ಮೇಲಂಚಿನಿಂದ ಬಿಳಿ ನೊರೆ ಮೆಲ್ಲಗೆ ಜಾರಿ ಇಳಿಯಿತು. ಬರೀ ನೀರಿಗೆ ನೊರೆ. ಅವಳು ಇನ್ನಷ್ಟು ನೀರು ಬಿಟ್ಟಳು, ಇನ್ನಷ್ಟು ಬಂತು. ಟ್ಯಾಂಕು ಖಾಲಿಯಾಗುವವರೆಗೆ ಆರನ್ನೂ ತೊಳೆದು, ಒಣಗಲು ಬಿಟ್ಟು, ವಾರ್ಡಿಗೆ ಹತ್ತಿ ಒಳಗಿನಿಂದ ನೋಡಿದಳು. ಆರು ಗಾಜಿನ ಮೇಲೂ ಚುಕ್ಕೆ. ಒಂದೆರಡಲ್ಲ, ಸಣ್ಣ ಮಳೆ ಬಂದು ಹೋದ ಹಾಗೆ.

ಮೂವತ್ತು ವರ್ಷ ಒಂದೇ ಮನೆಯಲ್ಲಿ ಬಾಳಿದವರಿಗೆ ನೊರೆ ಎಲ್ಲಿಂದ ಬಂತೆಂದು ಯೋಚಿಸುವ ಅಗತ್ಯ ಬೀಳುವುದಿಲ್ಲ. ಅವಳು ನೇರ ಮನೆಗೆ ಹೋದಳು. ಗಂಡ ಮಲಗಿದ್ದ.

"ಹಾಕಿದ್ರಿ ಅಲ್ವಾ?" ಎಂದು ಪಿಸುಗುಟ್ಟಿದಳು.

"ಏನು?"

"ಒಂದು ಮುಚ್ಚಳ. ನಾನು ನಿದ್ದೆ ಹೋದಾಗ."

ಆ ಮನೆಯಲ್ಲಿ ನಡೆದ ಎಲ್ಲ ಜಗಳಗಳಲ್ಲಿ ಅದೊಂದರಲ್ಲಿ ಮಾತ್ರ ಸೌಟು ಏಳಲಿಲ್ಲವಂತೆ. ಮುದುಕಿ ಎದ್ದು, ಗೂಡಿನಿಂದ ಸೋಪಿನ ಬಾಟಲಿ ತೆಗೆದು, ಬೆಳಕಿಗೆ ಹಿಡಿದು ಸೊಸೆಗೆ ತೋರಿಸಿದಳು. ಕತ್ತಿನವರೆಗೆ ತುಂಬಿತ್ತು. ಆಮೇಲೆ ಅದನ್ನು ಬಚ್ಚಲಿಗೆ ಒಯ್ದು ಬಗ್ಗಿಸಿ ಸುರಿದಳು, ಪೂರ್ತಿ, ಸದ್ದಾಗದ ಹಾಗೆ. ತಿರುಗಿ ನೋಡದೆ ಗೋಡೆ ಕಡೆ ಮುಖ ಮಾಡಿ ಮಲಗಿದಳು.

ಮಧ್ಯಾಹ್ನ ಮೂರಕ್ಕೆ ಏಣಿಯಕ್ಕ ಕೋಲನ್ನು ಹೊತ್ತು ತಂದು ನನ್ನ ಮೇಜಿನ ಮೇಲೆ ಹಾಕಿದಳು.

"ವಾಪಸ್ ತಗೊಳ್ಳಿ."

ನಡೆದದ್ದನ್ನೆಲ್ಲ ಹೇಳಿದಳು. ನೊರೆಯ ಮಾತು ಬಂದಾಗ ನಾನು ಮುಖವನ್ನು ಬಿಲ್ ಪುಸ್ತಕದ ಕಡೆ ತಿರುಗಿಸಿದೆ. ಅದು ಅವಳ ಕಣ್ಣಿಗೆ ಬಿತ್ತು. ಗಾಜಿನ ಆಚೆಯ ಮುಖಗಳನ್ನು ಮಾತಿಲ್ಲದೆ ಓದಿ ಅಭ್ಯಾಸವಾದವಳು.

"ನಿಮಗೆ ಗೊತ್ತಿತ್ತು" ಅಂದಳು.

ಗೊತ್ತಿತ್ತು. ಈ ವ್ಯಾಪಾರದಲ್ಲಿ ಇರುವವರಿಗೆಲ್ಲ ಗೊತ್ತು. ಸೋಪಿನಿಂದ ವರ್ಷಾನುಗಟ್ಟಲೆ ತೊಳೆದ ಕಿಟಕಿಯಲ್ಲಿ, ಚೌಕಟ್ಟಿನ ಸಂದಿಗೆ, ರಬ್ಬರಿನ ಮಡಿಕೆಗೆ ಅಷ್ಟಷ್ಟೇ ಸೋಪು ಸೇರಿ ಒಣಗಿ ಕೂತಿರುತ್ತದೆ. ಬರೀ ನೀರು ತಾಗಿದ ದಿನ ಅದೆಲ್ಲ ಎದ್ದು ಬರುತ್ತದೆ. ಎರಡು ಸಲ, ಕೆಲವೆಡೆ ಮೂರು ಸಲ ಸಂದಿಗಳನ್ನು ತೊಳೆಯುವವರೆಗೆ ಗಾಜು ಚುಕ್ಕೆ ಬಿಡುತ್ತಲೇ ಇರುತ್ತದೆ. ಕೊಳ್ಳುವ ಮೊದಲು ಇದನ್ನು ಹೇಳಿದರೆ ಹತ್ತರಲ್ಲಿ ಆರು ಜನ 'ಯೋಚಿಸಿ ಬರ್ತೀವಿ' ಎಂದು ಹೋಗುತ್ತಾರೆ. ಹೀಗಾಗಿ ಅದನ್ನು, ಗಿರಾಕಿ ಕೊಂಡ ಮೇಲೆ ಹೇಳುವ ಮಾತುಗಳ ಸಾಲಿಗೆ ನಾನು ಸೇರಿಸಿದ್ದೆ. ಆಮೇಲೆ ಮರೆತಿದ್ದೆ.

"ಹದಿನೆಂಟು ವರ್ಷದ ಸೋಪು ಅಕ್ಕ ಅದು. ನಿಮ್ಮತ್ತೆ ಬೆರೆಸಿದ್ದೇ, ಆದರೆ ಮೊನ್ನೆ ಬೆರೆಸಿದ್ದಲ್ಲ."

ಅವಳು ಸ್ಟೂಲಿನ ಮೇಲೆ ಕೂತಳು. ನನ್ನನ್ನು ಬೈಯುವಳೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಮೆಲ್ಲಗೆ, "ಎಲ್ಲಾ ದಿನದ್ದೂ ಸ್ವಲ್ಪ ಸ್ವಲ್ಪ ಅಲ್ಲೇ ಇತ್ತಾ?" ಅಂದಳು. ಅಷ್ಟು ವರ್ಷದ ಬೆಳಗುಗಳು ಒಂದೊಂದಾಗಿ ಕಿಟಕಿಯ ಸಂದಿಯಿಂದ ಇಳಿದು ಬರುತ್ತಿರುವುದನ್ನು ನೋಡುವವಳಂತೆ ಕೂತಿದ್ದಳು. ಆಮೇಲೆ ಥಟ್ಟನೆ ಎದ್ದಳು. "ಬಾಟಲಿ ಸುರಿದುಬಿಟ್ರಲ್ಲ ಅವರು."

"ನಾಳೆ ಎಷ್ಟು ಹೊತ್ತಿಗೆ ಪಟ್ಟಿ ಬಿಚ್ಚೋದು?"

"ಹತ್ತಕ್ಕೆ."

"ಬೆಳಿಗ್ಗೆ ಆರಕ್ಕೆ ಹೊಸ ಮಣಿ ಡಬ್ಬಿ ತಗೊಂಡು ನಾನೇ ಬರ್ತೀನಿ. ಆಸ್ಪತ್ರೆ ನಲ್ಲಿಗೇ ಹಾಕೋಣ. ನೀರು ಕಡಿಮೆ ಆಗಬಾರದು."

"ಅದರ ಬೆಲೆ?"

"ಅದರ ಬೆಲೆ ನೀನು ಕೇಳಿಲ್ಲ, ನಾನು ಹೇಳಿಲ್ಲ."

ಇಂಥ ಮಾತು ನನ್ನ ಬಾಯಿಂದ ಬಂದದ್ದಕ್ಕೆ ಅವಳಿಗಿಂತ ನನಗೇ ಹೆಚ್ಚು ಗಾಬರಿಯಾಯಿತು.

ಮರುದಿನ ಆರಕ್ಕೆ ಅಂಗಳದಲ್ಲಿ ತೆಳು ಮಂಜು. ಆಸ್ಪತ್ರೆಯ ಗೋಡೆ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆಂದು ಕಾಣದು. ಟ್ಯಾಂಕಿನ ಮುಚ್ಚಳದ ಮೇಲೆ ಅತ್ತೆ ಕೂತಿದ್ದಳು, ಶಾಲು ಹೊದ್ದುಕೊಂಡು. ಸೊಸೆ ಕರೆತಂದದ್ದೋ ತಾನೇ ಬಂದದ್ದೋ ನಾನು ಕೇಳಲಿಲ್ಲ. ಇಬ್ಬರ ನಡುವೆ ಕ್ಷಮೆಯ ಮಾತು ಆಯಿತೋ ಇಲ್ಲವೋ ಅದೂ ತಿಳಿಯದು. ಆಗಿದ್ದರೂ ಪಿಸುಮಾತಿನಲ್ಲೇ ಆಗಿರುತ್ತದೆ.

"ಬಂದ್ಯಾ, ಸೊನ್ನೆ ಮಾರೋನೇ" ಎಂದು ಮುದುಕಿ ನನ್ನನ್ನು ಸ್ವಾಗತಿಸಿದಳು. ಬಯಲಿನಲ್ಲಿ ಅವಳ ದನಿ ಎಷ್ಟು ದೊಡ್ಡದೆಂದು ಅವತ್ತು ತಿಳಿಯಿತು.

ನಲ್ಲಿಗೆ ಡಬ್ಬಿ ಜೋಡಿಸಿದೆ. ಮೀಟರು ಸೊನ್ನೆ ತೋರಿಸಿತು. ಏಣಿಯಕ್ಕ ಕೋಲು ಎಬ್ಬಿಸಿದಳು.

"ಗಾಜು ಬಿಡೇ" ಎಂದು ಅತ್ತೆ ಕೂಗಿದಳು. "ಗಾಜು ಮುಟ್ಟಬೇಡ. ಮೇಲಿನ ಚೌಕಟ್ಟು ಮೊದಲು. ಎಡಗಡೆ ಮೂಲೆ, ಅಲ್ಲಿ ನಾನು ಏಣಿ ಹತ್ತೋ ಕಾಲಕ್ಕೇ ಸಂದಿ ಇತ್ತು. ಹಾಂ, ಅಲ್ಲೇ. ತಿಕ್ಕು. ಇನ್ನೂ ತಿಕ್ಕು. ನನ್ನ ಸೋಪು ಅಷ್ಟು ಸುಲಭಕ್ಕೆ ಬರಲ್ಲ."

ಬಂತು. ಆರೂ ಚೌಕಟ್ಟುಗಳಿಂದ ಬಿಳಿಯಾಗಿ ಇಳಿದು, ಗೋಡೆಯ ಮೇಲೆ ಹರಿದು, ಮುದುಕಿಯ ಕಾಲ ಬಳಿ ಗುಳ್ಳೆಗಳಾಗಿ ನಿಂತು ಒಡೆಯಿತು. ಅವಳು ಒಂದು ಗುಳ್ಳೆಯನ್ನು ಬೆರಳಲ್ಲಿ ತೆಗೆದು ಮೂಸಿ, "ನಂದೇ" ಅಂದಳು. ಎರಡನೇ ಸುತ್ತಿಗೆ ನೊರೆ ಅರ್ಧವಾಯಿತು. ಮೂರನೇ ಸುತ್ತಿಗೆ ಬರೀ ನೀರು. ಆಮೇಲೆ ಗಾಜು. ಕಡೆಯಲ್ಲಿ ಏಣಿಯಕ್ಕ ಬ್ರಷ್ಷನ್ನು ಗಾಜಿನಿಂದ ಒಂದು ಗೇಣು ಹಿಂದಕ್ಕೆ ಎತ್ತಿ, ಮೇಲಿನಿಂದ ಕೆಳಕ್ಕೆ ನೀರು ಸುಮ್ಮನೆ ಇಳಿಯಲು ಬಿಟ್ಟಳು. ನೀರು ಒಂದೇ ಹಾಳೆಯಾಗಿ ಜಾರಿತು. ಒರೆಸಲೆಂದು ಅವಳ ಕೈ ತನ್ನಷ್ಟಕ್ಕೇ ಹೆಗಲ ಮೇಲಿನ ಬಟ್ಟೆಗೆ ಹೋಯಿತು. ಅತ್ತೆ ಎದ್ದು ಆ ಬಟ್ಟೆಯನ್ನು ಎಳೆದುಕೊಂಡು ತನ್ನ ಅಡಿಗೆ ಹಾಕಿಕೊಂಡು ಕೂತಳು.

ಒಂಬತ್ತಕ್ಕೆ ಬಿಸಿಲು ಬಂತು. ಒಣಗಿತೋ, ಚುಕ್ಕೆ ಉಳಿಯಿತೋ ಕೆಳಗಿನಿಂದ ಏನೂ ಕಾಣದು. ಮೇಲೆ ಹೋಗಿ ನೋಡುತ್ತೇನೆಂದರೆ ಮ್ಯಾನೇಜರು ಬಿಡಲಿಲ್ಲ. "ನೋಡೋರು ನೋಡ್ತಾರೆ" ಎಂದು ತಾವೇ ಹತ್ತಿ ಹೋದರು. ವಾರ್ಡಿನ ನರ್ಸು ಒಬ್ಬಳು ಮಾತ್ರ ನಮ್ಮ ಪಕ್ಷ. ಮೆಟ್ಟಿಲ ತಿರುವಿನ ಸಣ್ಣ ಕಿಟಕಿಯಿಂದ ತಲೆ ಹೊರಗೆ ಹಾಕಿ ಸುದ್ದಿ ಕೊಡತೊಡಗಿದಳು.

"ಮೊದಲನೆಯವರು ಲಾರಿ ಓಡಿಸ್ತಿದ್ದ ತಾತ. ಕೂರಿಸಿದ್ದಾರೆ. ಡಾಕ್ಟ್ರು ಕತ್ತರಿ ತಗೊಂಡ್ರು."

ಏಣಿಯಕ್ಕ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು.

"ಬಿಚ್ಚಿದ್ರು. ಕಣ್ಣು ತೆಗೀತಿದ್ದಾರೆ. ಸುಮ್ನಿದ್ದಾರೆ." ತಲೆ ಒಳಗೆ ಹೋಯಿತು. ಬಹಳ ಹೊತ್ತು ಬರಲಿಲ್ಲ. ಬಂದಾಗ ಮುಖ ಇಳಿದಿತ್ತು. "ಚುಕ್ಕೆ ಇದೆ ಅಂತಿದ್ದಾರೆ ಅಕ್ಕ. ಕಪ್ಪು ಚುಕ್ಕೆ. ಎಡಗಡೆ, ಮೇಲೆ."

ಅತ್ತೆ ಬಾಯೊಳಗೇ, "ಎಡಗಡೆ ಮೂಲೆ" ಅಂದಳು. ಏಣಿಯಕ್ಕ ನನ್ನ ಕಡೆ ನೋಡಲಿಲ್ಲ, ಅತ್ತೆಯ ಕಡೆಯೂ ನೋಡಲಿಲ್ಲ. ತಾನು ಎಂದೂ ಒಳಗೆ ಹೋಗಿ ಕೂರದ ಆ ಕೋಣೆ ಮೇಲೆ ತೇಲಿ ತೇಲಿ ದೂರ ಹೋಗುತ್ತಿರುವುದನ್ನು ನೋಡುವಂತೆ ಗಾಜನ್ನೇ ನೋಡುತ್ತಿದ್ದಳು.

"ಡಾಕ್ಟ್ರು ಕೇಳ್ತಿದ್ದಾರೆ" ಎಂದು ನರ್ಸು ಮತ್ತೆ ಶುರು ಮಾಡಿದಳು. "ಕಣ್ಣು ಹೊರಳಿಸಿ, ಚುಕ್ಕೆ ನಿಮ್ಮ ಕಣ್ಣಿನ ಜೊತೆ ಬರುತ್ತಾ, ಅಲ್ಲೇ ನಿಂತಿರುತ್ತಾ ಅಂತ. ಜೊತೆಗೆ ಬಂದ್ರೆ ಕಣ್ಣಿಂದು, ನಿಂತಿದ್ರೆ ಗಾಜಿಂದು." ತಲೆ ಒಳಗೆ, ತಲೆ ಹೊರಗೆ. "ಎರಡೂ ಇಲ್ವಂತೆ! ಅದರ ಪಾಡಿಗೆ ಅದು ಬಲಗಡೆ ಹೋಗ್ತಿದೆಯಂತೆ!"

ನಾವು ಮೂವರೂ ಒಟ್ಟಿಗೆ ಕಿಟಕಿಗೆ ಬೆನ್ನು ತಿರುಗಿಸಿ ತಲೆಯೆತ್ತಿದೆವು. ಅಂಗಳದ ಆಚೆ, ನೀಲಿಯಲ್ಲಿ ಬಹಳ ಎತ್ತರದಲ್ಲಿ, ಒಂದು ಹದ್ದು ರೆಕ್ಕೆ ಬಡಿಯದೆ ಎಡದಿಂದ ಬಲಕ್ಕೆ ತೇಲುತ್ತಿತ್ತು.

"ಹದ್ದು ಕಣ್ರೋ!" ಎಂದು ಅತ್ತೆ ಆಸ್ಪತ್ರೆಗೇ ಕೇಳುವಂತೆ ಕೂಗಿದಳು. ಮೂವತ್ತು ವರ್ಷದ ಪಿಸುಮಾತಿನ ಬಾಕಿ ತೀರುವಷ್ಟು ದೊಡ್ಡ ಕೂಗು. ಮೇಲೆ ವಾರ್ಡಿನಲ್ಲಿ ಯಾರೋ ಜೋರಾಗಿ ನಕ್ಕರು.

ಮ್ಯಾನೇಜರು ಕೆಳಗಿಳಿದು ಬಂದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. "ಆರನ್ನೂ ನೋಡಿದೆ. ಗಾಜು ಇದೆಯಾ ಇಲ್ವಾ ಅಂತ ಬೆರಳಲ್ಲಿ ಮುಟ್ಟಬೇಕಾಯ್ತು. ಮುಂದಿನ ವಾರ ಹಿಂದುಗಡೆ ಕಿಟಕಿಗಳನ್ನೂ ನೋಡಿಕೊಳ್ಳಿ" ಅಂದರು. ಹೊರಟವರು ತಿರುಗಿ ಮುದುಕಿಯ ಕಡೆ ನೋಡಿ, "ಇದು ಆಸ್ಪತ್ರೆ ಅಜ್ಜಿ, ಸ್ವಲ್ಪ ಮೆಲ್ಲಗೆ ಮಾತಾಡಿ" ಅಂದರು.

ಏಣಿಯಕ್ಕ ನಗಲಿಲ್ಲ. ನಿಂತಲ್ಲೇ ಕೂತು, ಒದ್ದೆ ಮುಖವನ್ನು ಒದ್ದೆ ಕೈಯಿಂದ ಒರೆಸಿಕೊಂಡಳು.

ನಾನು ಪೈಪು ಸುತ್ತಲು ಬಗ್ಗಿದ್ದೆ. ಮೇಲಿನ ಎರಡನೇ ಕಿಟಕಿಯಲ್ಲಿ ಏನೋ ಅಲುಗಿತು. ಲಾರಿ ತಾತ ಎದ್ದು ಬಂದು, ಕೆಳಗೆ ಯಾರಿದ್ದಾರೆಂದು ನೋಡಲು ಗಾಜಿಗೆ ಅಂಟಿಕೊಂಡು ನಿಂತಿದ್ದ. ಹೊಸ ಕಣ್ಣಿಗೆ ಕಾಣದ ಗಾಜು ನಿಜಕ್ಕೂ ಇದೆಯೇ ಎಂದು ಮುಟ್ಟಿ ನೋಡಲೋ ಏನೋ, ತುಸು ತೆರೆದಿದ್ದ ಪಕ್ಕದ ಕಿಟಕಿ ಬಾಗಿಲಿನಿಂದ ಕೈ ಹೊರಗೆ ಚಾಚಿ, ಹೊರಗಿನಿಂದ ಗಾಜಿನ ಮೇಲೆ ಅಂಗೈ ಊರಿದ. ಐದು ಬೆರಳೂ ಮೂಡಿದವು.

"ಅಯ್ಯೋ ನಿನ್ನ" ಎಂದು ಏಣಿಯಕ್ಕ ಎದ್ದಳು. "ಅಣ್ಣ, ನೀರು ಬಿಡಿ."

ಬಿಟ್ಟೆ. ಕೋಲು ಮೆಲ್ಲಗೆ ಮೇಲೇರಿತು. ತಾತ ಕೈ ಎಳೆದುಕೊಂಡ, ಹಿಂದೆ ಸರಿಯಲಿಲ್ಲ. ಬ್ರಷ್ಷು ಅವನ ಮುಖದ ಮುಂದೆ ಅತ್ತಿತ್ತ ಆಡಿತು, ನೀರು ಹಾಳೆಯಾಗಿ ಇಳಿಯಿತು, ಅದರ ಹಿಂದೆ ಅವನ ಮುಖ ಅಲೆಯಾಗಿ, ಕರಗಿ, ಮತ್ತೆ ಕೂಡಿಕೊಂಡಿತು. ಅವನು ರೆಪ್ಪೆ ಬಡಿಯದೆ ನೋಡುತ್ತಿದ್ದ.